ಮರದ ಧೂಳು ನೈಸರ್ಗಿಕ, ಹಾಗಾಗಿ ಅಪಾಯವಿಲ್ಲವೇ?

ಬಾಗಿಲಿನ ಕೆತ್ತನೆಯ ಸಂದುಗಳಿಗೆ ಉಜ್ಜುವ ಯಂತ್ರ ಹೋಗುವುದಿಲ್ಲ. ಬಡಗಿಗಳು ಉಪ್ಪುಕಾಗದವನ್ನು ಮಡಚಿ ಅಥವಾ ಕಡ್ಡಿಗೆ ಸುತ್ತಿ, ಮುಖ ಹತ್ತಿರ ತಂದು ಕೈಯಲ್ಲೇ ಉಜ್ಜುತ್ತಾರೆ. ಸಂದಿನಲ್ಲಿ ಕೂತ ಧೂಳನ್ನು ಬಾಯಿಂದ ಊದುತ್ತಾರೆ. ‘ಮರದ ಧೂಳು ತಾನೇ, ಏನೂ ಆಗಲ್ಲ’ ಎಂಬ ಮಾತನ್ನು ನಾವು ಕೇಳುತ್ತಲೇ ಇರುತ್ತೇವೆ. ಇದು ತಪ್ಪು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿದ ವರದಿಯಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿದೆ. ಅಪಾಯ ಮುಖ್ಯವಾಗಿ ಮೂಗು, ಸೈನಸ್‌ಗಳಿಗೆ. ಹಾಗೆಂದು ಒಂದು ದಿನ ಉಜ್ಜಿದವರು ಹೆದರಬೇಕಿಲ್ಲ. ವರ್ಷಗಟ್ಟಲೆ ಇದೇ ಕೆಲಸ ಮಾಡುವವರಿಗೆ ಅಪಾಯ ಹೆಚ್ಚು.

ಮೂಗಿಗೆ ಕಟ್ಟಿದ ಕರವಸ್ತ್ರ ಸೂಕ್ಷ್ಮ ಕಣಗಳನ್ನು ಸರಿಯಾಗಿ ತಡೆಯದು. ಎನ್95 ಮಾಸ್ಕ್ ಧರಿಸಿ. ಊದುವ ಬದಲು ವ್ಯಾಕ್ಯೂಮ್ ಬಳಸಿ, ಇಲ್ಲವೇ ತುಸು ಒದ್ದೆ ಬಟ್ಟೆಯಿಂದ ಒರೆಸಿ.