ನಾಲ್ಕು ತಾಸಿನ ಗಡುವು

ಪತ್ರಿಕೆಯ ಈ ಪುಟವನ್ನು ಮನೆಮಂದಿಯೆಲ್ಲ ಓದುವರೆಂಬುದನ್ನು ನಾನು ಬಲ್ಲೆ. ಬಲ್ಲವನಾಗಿಯೇ, ಮನೆಯಲ್ಲಿ ಯಾರೂ ಎತ್ತದ ಮಾತೊಂದನ್ನು ಈ ವಾರ ಎತ್ತುತ್ತಿದ್ದೇನೆ. ವಾಚಕರು ಮುಖ ತಿರುಗಿಸದೆ ಕೊನೆಯವರೆಗೂ ಓದಬೇಕೆಂದು ಪ್ರಾರ್ಥನೆ.

ಕುಷ್ಟಗಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ನಾನು ಚಿಕ್ಕಂದಿನಿಂದ ಕಾಕಾ ಎಂದೇ ಕರೆಯುತ್ತ ಬಂದ ಹಿರಿಯರೊಬ್ಬರಿದ್ದಾರೆ. ವಯಸ್ಸು ಐವತ್ತು ದಾಟಿದೆ. ಸಕ್ಕರೆ ಕಾಯಿಲೆಯೂ ಉಂಟು. ಪುರುಷತ್ವ ಕುಗ್ಗಿತೆಂಬ ಕೊರಗು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ವೈದ್ಯರೊಡನೆ ಹೇಳಿಕೊಳ್ಳಲು ನಾಚಿಕೆ. ಗೋಡೆಯ ಮೇಲಿನ ಜಾಹೀರಾತನ್ನು ನಂಬಿ ಒಂದು ಪೊಟ್ಟಣ ಪುಡಿ ತಂದರು; ಅದು ಸಾಲದೆಂದು ಗೆಳೆಯನೊಬ್ಬನು ಕೊಟ್ಟ ಗುಳಿಗೆಗಳನ್ನೂ ನುಂಗಿದರು. ರಾತ್ರಿ ನಿಮಿರಿದ ಅಂಗ ಬೆಳಗಾದರೂ ಇಳಿಯಲಿಲ್ಲ. ಬಯಕೆ ಎಂದೋ ಅಡಗಿ, ನೋವು ಮಾತ್ರ ಉಳಿಯಿತು. ತಣ್ಣೀರು ಸುರಿದುಕೊಂಡರು, ದೇವರಿಗೆ ಹರಕೆ ಹೊತ್ತರು, ಹೆಂಡತಿಯೊಡನೆ ಹೊಟ್ಟೆನೋವೆಂದರು. ಸಂಜೆಯ ಹೊತ್ತಿಗೆ ಕೊಪ್ಪಳದ ನನ್ನ ಮನೆಯ ಬಾಗಿಲಲ್ಲಿ ಬಂದು ನಿಂತರು.

"ತಮ್ಮಾ, ಯಾರ ಮುಂದ ಹೇಳಲಿ? ಹೇಳೂ ಮಾತಲ್ಲ, ತಾಳೂ ಬ್ಯಾನಿ ಅಲ್ಲ."

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ತಾಸಾತು, ಯಜಮಾನ್ರ?" ಕಾಕಾ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಇಪ್ಪತ್ತು ತಾಸು ಕಳೆದಿತ್ತು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ಯಾವ ಶಕ್ತಿಯನ್ನು ಅರಸಿ ಅವರು ಹೊರಟಿದ್ದರೋ, ಅದರ ಅಳಿದುಳಿದ ಭಾಗವೂ ಹೋಯಿತು.

ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ನೀರು ಹರಿಯುವುದನ್ನು ಕಂಡವರಿಗೆ ಈ ವ್ಯಾಧಿಯ ಮರ್ಮ ಸುಲಭವಾಗಿ ತಿಳಿದೀತು. ನೀರು ಬರಬೇಕು, ಬಂದ ನೀರು ಬಸಿದು ಹೋಗಲೂ ಬೇಕು. ಶಿಶ್ನದೊಳಗೆ ಸ್ಪಂಜಿನಂತಹ ಎರಡು ಕೊಳವೆಗಳಿವೆ. ಉದ್ರೇಕದ ಕಾಲಕ್ಕೆ ಅವುಗಳಲ್ಲಿ ರಕ್ತ ತುಂಬಿ, ಹೊರಹೋಗುವ ನಾಳಗಳು ಒತ್ತಿಕೊಳ್ಳುತ್ತವೆ. ಆ ದಾರಿ ಮತ್ತೆ ತೆರೆಯದೆ ಹೋದರೆ ನಿಂತ ರಕ್ತದಲ್ಲಿ ಆಮ್ಲಜನಕ ತೀರಿ, ಒಳಗಿನ ಸ್ನಾಯು ಸಾಯತೊಡಗುತ್ತದೆ. ಗ್ರೀಕರ ದೇವತೆ ಪ್ರಿಯಾಪಸನ ಹೆಸರಿನಿಂದ ವೈದ್ಯರು ಇದನ್ನು ಪ್ರಿಯಾಪಿಸಂ ಎನ್ನುವರು. ನಾಲ್ಕು ತಾಸು ಮೀರಿದರೆ ಅದು ತುರ್ತು ಚಿಕಿತ್ಸೆಯ ವಿಷಯ. ಒಂದು ಹಗಲು ಒಂದು ಇರುಳು ಕಳೆದರೆ ಹಾನಿ ಬಹುಮಟ್ಟಿಗೆ ಶಾಶ್ವತ. ಬೇಗನೆ ಹೋದವರಿಗೆ ಸೂಜಿಯಿಂದ ಕಟ್ಟಿನಿಂತ ರಕ್ತವನ್ನು ತೆಗೆದು, ರಕ್ತನಾಳಗಳನ್ನು ಕುಗ್ಗಿಸುವ ಫೀನೈಲೆಫ್ರಿನ್ ಔಷಧವನ್ನು ಕೊಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ. ತಡವಾದರೆ ಶಸ್ತ್ರಕ್ರಿಯೆಯವರೆಗೂ ಹೋದೀತು.

ಈ ಚಿಕಿತ್ಸೆಯ ಚರಿತ್ರೆಯೂ ಸ್ವಾರಸ್ಯವಾದುದು. ೧೯೮೨ರಲ್ಲಿ ಫ್ರಾನ್ಸಿನ ವೈದ್ಯ ರೊನಾಲ್ಡ್ ವಿರಾಗ್ ಅವರು, ಪಪಾವರೀನ್ ಚುಚ್ಚುಮದ್ದಿನಿಂದ ನಿಮಿರುವಿಕೆ ಉಂಟಾಗುವುದೆಂದು ಪ್ರಕಟಿಸಿದರು. ಮರುವರ್ಷ ಅಮೆರಿಕದ ಲಾಸ್ ವೇಗಸ್‌ನಲ್ಲಿ ನೆರೆದ ವೈದ್ಯರ ಸಭೆಯಲ್ಲಿ ಇಂಗ್ಲೆಂಡಿನ ವಿಜ್ಞಾನಿ ಗೈಲ್ಸ್ ಬ್ರಿಂಡ್ಲಿ ಅವರು, ತಮಗೆ ತಾವೇ ಚುಚ್ಚಿಕೊಂಡು ಬಂದು, ಅದರ ಪರಿಣಾಮವನ್ನು ವೇದಿಕೆಯ ಮೇಲೆಯೇ ತೋರಿಸಿಬಿಟ್ಟರು! ಸಿಲ್ಡೆನಾಫಿಲ್ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು ೧೯೯೮ರಲ್ಲಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ನುಂಗಿದ ಗುಳಿಗೆಯಿಂದ ಈ ಅನಾಹುತ ಬಲು ಅಪರೂಪ. ಚುಚ್ಚುಮದ್ದಿನಿಂದ ಅದಕ್ಕಿಂತ ಹೆಚ್ಚು. ಪ್ರಮಾಣ ಮೀರಿದಾಗ, ಒಂದರೊಡನೆ ಇನ್ನೊಂದನ್ನು ಬೆರೆಸಿದಾಗ, ಅಥವಾ ಕುಡುಗೋಲು ಕಣದ ರಕ್ತರೋಗವಿದ್ದಾಗ ಅಪಾಯ ಬೆಳೆಯುತ್ತದೆ. ಗಿಡಮೂಲಿಕೆಯದೆಂದು ಮಾರುವ ಎಷ್ಟೋ ಪುಡಿಗಳಲ್ಲಿ ಇದೇ ಸಿಲ್ಡೆನಾಫಿಲ್ ಗುಟ್ಟಾಗಿ ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರಿಗಂತೂ ಅದು ರಕ್ತದ ಒತ್ತಡವನ್ನು ಥಟ್ಟನೆ ಇಳಿಸಿ ಪ್ರಾಣಕ್ಕೇ ಎರವಾಗಬಹುದು.

ಲೈಂಗಿಕ ಶಕ್ತಿಯನ್ನು ಹೆಚ್ಚಿಸುವೆವೆಂಬ ಔಷಧಗಳ ಜಾಹೀರಾತನ್ನು ನಿಷೇಧಿಸುವ ಕಾಯಿದೆ ನಮ್ಮ ದೇಶದಲ್ಲಿ ೧೯೫೪ರಿಂದಲೂ ಇದೆ. ಕಾಯಿದೆ ಪುಸ್ತಕದಲ್ಲಿದೆ, ಜಾಹೀರಾತು ಗೋಡೆಯ ಮೇಲಿದೆ. ಇವೆರಡರ ನಡುವಿನ ಕತ್ತಲೆಯಲ್ಲಿ ನಮ್ಮ ನಾಚಿಕೆ ವಾಸಮಾಡುತ್ತದೆ.

ನಾನು ಕನ್ನಡ ಕಲಿಸುವವನು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ನಮ್ಮ ಕೊಪಣವನ್ನೂ ಹೆಸರಿಸಿದೆಯೆಂದು ಪ್ರತಿವರ್ಷವೂ ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಆ ಸಂಜೆ ಕಾಕಾ ಅವರ ಪರವಾಗಿ ವೈದ್ಯರಿಗೆ ಒಂದು ವಾಕ್ಯ ಹೇಳಬೇಕಾದಾಗ, ತಿರುಳ್ಗನ್ನಡದ ಈ ಅಧ್ಯಾಪಕನ ನಾಲಗೆ ಒಣಗಿತು. ನುಡಿಗೆ ಕೊರತೆಯಿರಲಿಲ್ಲ. ನಿಮಿರ್ ಎಂಬುದು ಹಳೆಯ, ಗೌರವದ ಧಾತು. ಕಿವಿ ನಿಮಿರುತ್ತದೆ, ಬೆನ್ನು ನಿಮಿರುತ್ತದೆ. ಕೊರತೆಯಿದ್ದದ್ದು ಎದೆಗಾರಿಕೆಗೆ. ಬ್ರಿಂಡ್ಲಿಯವರಂತೆ ಸಭೆಯ ಮುಂದೆ ನಿಲ್ಲುವ ಸಾಹಸ ನಮಗೆ ಬೇಡ. ಬಾಗಿಲು ಮುಚ್ಚಿದ ಕೋಣೆಯಲ್ಲಿ ವೈದ್ಯರೊಬ್ಬರ ಮುಂದೆ ಒಂದು ಮಾತು ಆಡಿದರೆ ಸಾಕು.

ಆದುದರಿಂದ ಗಂಡಸರಲ್ಲಿ ಇಷ್ಟೇ ವಿನಂತಿ. ಪುರುಷತ್ವ ಕುಗ್ಗಿದಂತೆ ತೋರಿದರೆ ಮೊದಲು ಸಕ್ಕರೆ, ರಕ್ತದ ಒತ್ತಡ, ಹೃದಯ ಇವುಗಳ ಪರೀಕ್ಷೆ ಮಾಡಿಸಿರಿ. ಅವುಗಳ ಮೊದಲ ಸೂಚನೆ ಇದೇ ಆಗಿರಬಹುದು. ಔಷಧ ಬೇಕಾದರೆ ವೈದ್ಯರಿಂದಲೇ ಪಡೆಯಿರಿ. ನಿಮಿರಿದುದು ನಾಲ್ಕು ತಾಸಾದರೂ ಇಳಿಯದಿದ್ದರೆ, ನಡುರಾತ್ರಿಯಾದರೂ ಸರಿ, ಯಲಬುರ್ಗಿಯಾಗಲಿ ಕುಷ್ಟಗಿಯಾಗಲಿ, ಹತ್ತಿರದ ಆಸ್ಪತ್ರೆಗೆ ಹೊರಡಿರಿ. ಮನೆಯವರಿಗೂ ಒಂದು ಮಾತು: ಗಂಡಸು ಹೊಟ್ಟೆನೋವೆಂದು ಮೂಲೆ ಹಿಡಿದಾಗ, ನಗದೆ, ಬಯ್ಯದೆ, ಇನ್ನೊಮ್ಮೆ ಕೇಳಿರಿ.

ಕಾಕಾ ಈಗ ಚೆನ್ನಾಗಿದ್ದಾರೆ. ಇದನ್ನೆಲ್ಲ ಬರೆಯಲು ಅಪ್ಪಣೆ ಕೊಟ್ಟವರೂ ಅವರೇ. "ಹೆಸರೊಂದ ಬಿಟ್ಟು ಎಲ್ಲಾ ಬರೀ ತಮ್ಮಾ" ಎಂದರು. "ನಾ ಕಳಕೊಂಡ ಹೊತ್ತು ಇನ್ನೊಬ್ಬಂವಗರ ಸಿಗಲಿ."