ಮಕ್ಕಳಿಗೆ ಸ್ವಲ್ಪ ಕತ್ತಲೆ ತೋರಿಸಿ, ಸ್ವಾಮಿ!

ವಿಜಾಪುರದಿಂದ ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಇಷ್ಟು ವರ್ಷಗಳಲ್ಲಿ ನಾನು ಕೈಯಾರೆ ದುಡ್ಡು ಕೊಟ್ಟು ನಿದ್ದೆ ಕೆಡಿಸಿಕೊಂಡದ್ದು ಒಂದೇ ಸಲ. ಕಳೆದ ಡಿಸೆಂಬರಿನಲ್ಲಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ಪವನಾ ಜಲಾಶಯದ ದಂಡೆಗೆ "ಫ್ಯಾಮಿಲಿ ಕ್ಯಾಂಪಿಂಗ್" ಅಂತ ಹೋದಾಗ!

"ಅಪ್ಪಾ, ಡೇರೆ, ಊಟ, ಚಹಾ, ಬಾರ್ಬೆಕ್ಯೂ ಎಲ್ಲಾ ಪ್ಯಾಕೇಜಿನಾಗ ಬಂತು. ನಾವು ಬರೇ ಹೋಗಿ ಕೂಡೋದು" ಅಂದ ಮಗ. ಸರಿ, ಹೋಗಿ ಕೂತೆವು. ಜಾಗಕ್ಕೇನು ಕೊರತೆ ಹೇಳಿ? ಮುಂದೆ ನೀರು, ಸುತ್ತ ತುಂಗ, ತಿಕೋನಾ, ಲೋಹಗಡದ ಕೋಟೆಗಳು. ಸೂರ್ಯ ಮುಳುಗುವ ತನಕ ಎಲ್ಲಾ ಚೆನ್ನಾಗಿತ್ತು. ಆಮೇಲೆ ಶುರುವಾಯ್ತು ನೋಡಿ... ನಮ್ಮ ಡೇರೆ ಸಾಲಿನವರದು ಒಂದು ಹಾಡು, ಪಕ್ಕದ ಸಾಲಿನವರದು ಇನ್ನೊಂದು. ಕಣ್ಣು ಕುಕ್ಕುವ ಫ್ಲಡ್‌ಲೈಟ್ ಬೇರೆ. ನಾಲ್ಕು ವರ್ಷದ ಮೊಮ್ಮಗಳು ಕಿವಿ ಮುಚ್ಚಿಕೊಂಡು ಕೂತಳು. ಆರು ವರ್ಷದ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಜ್ಜಾ, ಇದು ಯಾರ ಮದುವಿ?"

ಹನ್ನೊಂದೂವರೆಗೆ ಹೋಗಿ ಅಲ್ಲಿನ ಹುಡುಗನನ್ನು ಕೇಳಿದೆ. "ಕಾಕಾ, ಗಿರಾಕಿಗೆ ಇದೇ ಬೇಕು" ಅಂದ ಮರಾಠಿಯಲ್ಲಿ. ಅವನ ಮೇಲೆ ಸಿಟ್ಟು ಬರಲಿಲ್ಲ. ಗಿರಾಕಿ ಅಂದ್ರೆ ಯಾರು? ನಾವೇ ಅಲ್ಲವೇ?

ನನ್ನ ತಕರಾರು ಇರುವುದೇ ಇಲ್ಲಿ. ನಮಗೆ ಕಾಡಿನ ಪಕ್ಕ ಹೋಗಿ ಮಲಗುವ ಆಸೆ, ಆದರೆ ಕಾಡು ಬೇಡ. ಕತ್ತಲೆ ಬೇಡ, ಸದ್ದಿಲ್ಲದಿರುವುದು ಬೇಡ, ಕೆಲಸ ಅಂತೂ ಬೇಡವೇ ಬೇಡ. ಡೇರೆ ಬೇರೆಯವರು ಹಾಕಿರಬೇಕು, ಅಡಿಗೆ ಬೇರೆಯವರು ಮಾಡಿರಬೇಕು, ಮಕ್ಕಳು ಬೇಸರ ಅಂದರೆ ಕೈಗೆ ಮೊಬೈಲ್ ಕೊಡಬೇಕು. ಹಾಗಾದರೆ ಮನೆಯಲ್ಲೇ ಇರಬಹುದಲ್ಲ, ಫ್ಯಾನ್ ಆದರೂ ಇದೆ!

ಕಾನೂನು ಇಲ್ಲವೇ ಅಂದರೆ, ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವ ಹಾಗಿಲ್ಲ. ಹಬ್ಬಹರಿದಿನಗಳ ಕೆಲವು ವಿನಾಯಿತಿ ಬಿಟ್ಟರೆ ಅಷ್ಟೇ. ತಮಾಷೆ ಏನು ಗೊತ್ತೇ? ಅಮೆರಿಕದ ಪಾರ್ಕುಗಳ ಕ್ಯಾಂಪಿಂಗ್ ಜಾಗಗಳಲ್ಲೂ ಸಾಮಾನ್ಯವಾಗಿ ಇದೇ 10ರಿಂದ 6. ಅಲ್ಲಿಗೆ ಹೋಗಿ ಬಂದ ನಮ್ಮವರು "ಆಹಾ, ಏನು ಶಿಸ್ತು, ಏನು ಶಾಂತಿ!" ಅಂತ ಹೊಗಳುತ್ತಾರೆ. ಅದೇ ಜನ ಪವನಾ ದಂಡೆಗೆ ಬಂದರೆ ಸ್ಪೀಕರ್ ಇನ್ನೊಂದಿಷ್ಟು ಜೋರು ಮಾಡಿ ಅನ್ನುತ್ತಾರೆ. ಆ ನೀರು ಪಿಂಪ್ರಿ-ಚಿಂಚವಡದ ಮನೆಮನೆಯ ನಲ್ಲಿಗೆ ಹೋಗುವ ಕುಡಿಯುವ ನೀರು ಅನ್ನುವುದೂ ನೆನಪಿರುವುದಿಲ್ಲ. ದಂಡೆಯ ಮೇಲೆ ತಟ್ಟೆ, ಬಾಟಲಿ ಬಿಟ್ಟು ಬರುತ್ತೇವೆ.

"ಅಷ್ಟೆಲ್ಲಾ ಯಾಕ್ರೀ, ರಜೆಗೆ ಊರಿಗೆ ಕರ್ಕೊಂಡು ಹೋದ್ರೆ ಆಯ್ತು" ಅಂತೀರಾ? ನಾನೂ ಹಾಗೇ ಅನ್ನುತ್ತಿದ್ದೆ. ನಾವು ಸಣ್ಣವರಿದ್ದಾಗ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಕೌದಿ ಹಾಸಿ ಮಲಗುತ್ತಿದ್ದೆವು. ಅವ್ವ ಸಪ್ತರ್ಷಿಗಳನ್ನು ತೋರಿಸುತ್ತಿದ್ದಳು. ಅದಕ್ಕೆ ಯಾರೂ ಕ್ಯಾಂಪಿಂಗ್ ಅನ್ನಲಿಲ್ಲ, ಬಿಲ್ಲೂ ಕೊಡಲಿಲ್ಲ. ಈಗ ಆ ಮಣ್ಣಿನ ಮಾಳಿಗೆ ಇಲ್ಲ, ಅವ್ವನೂ ಇಲ್ಲ. ಮನೆ ಮುಂದೆಯೇ ಬೀದಿದೀಪ. ನಮ್ಮಂಥ ವಲಸೆ ಬಂದವರ ಮೊಮ್ಮಕ್ಕಳಿಗೆ ಆ ರಾತ್ರಿ ಸಿಗಬೇಕಾದರೆ ನಾವೇ ಯೋಜನೆ ಹಾಕಿ ಹುಡುಕಿಕೊಂಡು ಹೋಗಬೇಕು. ಅದಕ್ಕೇ ಈ ಹೆಸರಿನಲ್ಲಿ ಮದುವೆ ಮೆರವಣಿಗೆ ಮಾರುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಪುಣೆಯಲ್ಲಿ ಉದ್ಯಾನಗಳಿಗೇನು ಬರ ಇಲ್ಲ. ಸಾರಸಬಾಗ್ ಇದೆ, ಎಂಪ್ರೆಸ್ ಗಾರ್ಡನ್ ಇದೆ, ಕಾತ್ರಜದ ಪ್ರಾಣಿ ಸಂಗ್ರಹಾಲಯ ಇದೆ. ಆದರೆ ಎಲ್ಲಾ ಹಗಲಿನವು. ಒಂದು ಬೇಲಿ, ಒಂದು ನಲ್ಲಿ, ಶುಚಿಯಾದ ಶೌಚಾಲಯ, ಒಬ್ಬ ಕಾವಲುಗಾರ, ಹತ್ತು ಗಂಟೆಯ ನಂತರ ಸದ್ದು ಬೇಡ ಅನ್ನುವ ಒಂದು ಬೋರ್ಡು. ಇಷ್ಟಿರುವ ಸರ್ಕಾರಿ ಜಾಗ ಊರ ಹೊರಗೆ ಒಂದಾದರೂ ಬೇಡವೇ? ಬಡವರ ಮಕ್ಕಳೂ ಬಂದು ಮಲಗಬಹುದಲ್ಲ.

ಕರ್ನಾಟಕದ ಅರಣ್ಯ ಇಲಾಖೆ ಇಂಥದ್ದನ್ನು ಮಾಡಿ ತೋರಿಸಿದೆ. ದಾಂಡೇಲಿ ಹತ್ತಿರ ಕುಳಗಿಯಲ್ಲಿ ನಿಸರ್ಗಧಾಮ ಇದೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿ. (2015ರ ತನಕ ಅದರ ಹೆಸರು ದಾಂಡೇಲಿ-ಅಣಶಿ ಅಂತ ಇತ್ತು.) ಫೆಬ್ರುವರಿಯಲ್ಲಿ ಹಟ ಹಿಡಿದು ಎಲ್ಲರನ್ನೂ ಹೊರಡಿಸಿದೆ. ಈ ಸಲ ಯೋಜನೆ ನನ್ನದು. ಮೊದಲೇ ಬುಕಿಂಗ್. ಪುಣೆಯಿಂದ ನಾನ್ನೂರು ಕಿಲೋಮೀಟರಿಗಿಂತ ಜಾಸ್ತಿ, ಸಣ್ಣ ಮಕ್ಕಳಿಗೆ ಒಂದೇ ದಿನಕ್ಕೆ ಭಾರ. ಅದಕ್ಕೆ ಬೆಳಗಾವಿಯಲ್ಲಿ ನಾದಿನಿಯ ಮನೆಯಲ್ಲಿ ಒಂದು ರಾತ್ರಿ. ಮಕ್ಕಳಿಗೆ ಒಬ್ಬೊಬ್ಬರಿಗೂ ಅವರದೇ ಟಾರ್ಚು, ಉದ್ದ ತೋಳಿನ ಅಂಗಿ, ಸೊಳ್ಳೆಗೆ ಮುಲಾಮು, ಜ್ವರದ ಔಷಧಿ, ರೊಟ್ಟಿ-ಚಟ್ನಿಪುಡಿ ಗಂಟು. ಸ್ಪೀಕರ್ ಇಲ್ಲ.

ಇನ್ನೆರಡು ಮಾತು ಕೇಳಿಸಿಕೊಳ್ಳಿ. ಚಳಿ ಅಂತ ಡೇರೆಯೊಳಗೆ ಕೆಂಡದ ಒಲೆ ಇಡಬೇಡಿ, ಅದರ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆಗಾಲದಲ್ಲಿ ಸಣ್ಣ ಮಕ್ಕಳನ್ನು ನೀರಿನ ಹತ್ತಿರ ಒಯ್ಯಲೇಬೇಡಿ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹತ್ತಿರದ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು, ಅವರಲ್ಲಿ ಹೆಚ್ಚಿನವರು ಮಕ್ಕಳೇ. ನೀರು ಏರಲು ಕೆಲವೇ ನಿಮಿಷ ಸಾಕು.

ಕುಳಗಿಯಲ್ಲಿ ಏನು ನೋಡಿದಿರಿ ಅಂದರೆ, ಹುಲಿ ನೋಡಲಿಲ್ಲ! ಮೊದಲ ಒಂದು ತಾಸು ಇಬ್ಬರೂ "ಬೋರ್" ಅಂತ ಅತ್ತರು, ನಿಜ. ಯಾರೂ ಮೊಬೈಲ್ ಕೊಡಲಿಲ್ಲ. ಆಮೇಲೆ ಇರುವೆ ಸಾಲು ಸಿಕ್ಕಿತು, ಒಣಗಿದ ಎಲೆ ಸಿಕ್ಕಿತು. ಕಾವಲುಗಾರ ಕನ್ನಡದಲ್ಲಿ ಮಾತಾಡಿದ್ದಕ್ಕೆ ಮೊಮ್ಮಗನಿಗೆ ಆಶ್ಚರ್ಯ. ಅವನ ಪಾಲಿಗೆ ಕನ್ನಡ ಅಂದರೆ ಮನೆಯೊಳಗಿನ ಭಾಷೆ.

ರಾತ್ರಿ ಎಲ್ಲಾ ಟಾರ್ಚು ಆರಿಸಿದೆವು. ಮೊಮ್ಮಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಅಜ್ಜಾ, ಕತ್ತಲಿ ಅಂದ್ರ ಇಷ್ಟು ಕರ್ರಗ ಇರ್ತದೇನು?"

ಪಾಪ, ಆರು ವರ್ಷದ ಹುಡುಗ ಅದನ್ನು ಅಲ್ಲಿತನಕ ನೋಡಿಯೇ ಇರಲಿಲ್ಲ. ಮರಗಳ ಸಂದಿಯಲ್ಲಿ ಕೃತ್ತಿಕೆ ಕಂಡಿತು. ನನ್ನ ಕಣ್ಣಿಗೆ ಬರೀ ಮಸುಕು, ಅವನು ಆರು ಎಣಿಸಿದ. ಅವ್ವ ಹೇಳುತ್ತಿದ್ದ ಕಥೆ ಅರ್ಧ ಹೇಳುವಷ್ಟರಲ್ಲಿ ಇಬ್ಬರೂ ನಿದ್ದೆ ಹೋಗಿದ್ದರು. ಆಗಿನ್ನೂ ಒಂಬತ್ತೂ ಆಗಿರಲಿಲ್ಲ.

ಮುಂದಿನ ಸಲ ಪ್ಯಾಕೇಜು ಕೊಳ್ಳುವ ಮುಂಚೆ "ಏನೇನು ಕೊಡ್ತೀರಿ" ಅಂತ ಕೇಳಬೇಡಿ. "ಹತ್ತು ಗಂಟೆಗೆ ದೀಪ, ಹಾಡು ಎರಡೂ ಬಂದ್ ಮಾಡ್ತೀರಾ" ಅಂತ ಕೇಳಿ. ಇಲ್ಲ ಅಂದರೆ ಹೋಗಬೇಡಿ. ಗಿರಾಕಿಗೆ ಏನು ಬೇಕು ಅನ್ನುವುದನ್ನು ನಾವು ಗಿರಾಕಿಗಳೇ ಹೇಳಬೇಕಲ್ಲವೇ? ಏನಂತೀರಿ?