ಇಲಿ ತಿಂದ ನಾರು, ನಾವು ಕೊಳ್ಳುವ ಡಬ್ಬಿ

ಕಾಫಿಪುಡಿಗೆ ಬೆರೆಸುವ ಚಿಕೋರಿ ಕನ್ನಡಿಗರಿಗೆ ಹೊಸದಲ್ಲ. ಅದೇ ಬೇರಿನಿಂದ ತೆಗೆದ ಇನ್ಯುಲಿನ್ ಎಂಬ ನಾರು ಈಗ ‘ಪ್ರಿಬಯಾಟಿಕ್’ ಹೆಸರಿನಲ್ಲಿ ಪುಡಿಯಾಗಿ ಡಬ್ಬಿ ಸೇರಿದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇರುವ ಈ ನಾರು ನಮಗೆ ಅರಗದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿಗೆ ಅದು ಒಳ್ಳೆಯದೆನ್ನುವ ಮಾತಿನ ಬೆನ್ನಿಗೆ ನಿಂತಿರುವವರಲ್ಲಿ ಪ್ರಯೋಗಾಲಯದ ಇಲಿಗಳೂ ಇವೆ. ಹಾಗಾದರೆ ಆ ಇಲಿಗಳ ಕಥೆಯನ್ನು ಪೂರ್ತಿ ಕೇಳಬೇಕು.

2018ರ ಆರಂಭದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕೊಬ್ಬು ತುಂಬಿದ ಮೇವಿಗೆ ಇನ್ಯುಲಿನ್ ಬೆರೆಸಿ ಇಲಿಗಳಿಗೆ ಕೊಟ್ಟರು. ತೂಕ ಅಷ್ಟಾಗಿ ಏರಲಿಲ್ಲ, ಕರುಳಿನ ಒಳಪದರವೂ ಚೇತರಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಟೊಲೆಡೊ ವಿಶ್ವವಿದ್ಯಾಲಯದ ಮಾತಂ ವಿಜಯ್‌ಕುಮಾರ್ ತಂಡ ಇನ್ನೊಂದು ಮುಖ ತೋರಿಸಿತು. ಟಿಎಲ್‌ಆರ್5 ಎಂಬ ಜೀನ್ ಇಲ್ಲದ ಇಲಿಗಳಿಗೆ ಶೇ 7.5ರಷ್ಟು ಇನ್ಯುಲಿನ್ ಇದ್ದ ಮೇವು ಹಾಕಿದಾಗ ಕೆಲವಕ್ಕೆ ಕಾಮಾಲೆ ಬಂತು. ಆರು ತಿಂಗಳಲ್ಲಿ ಅವುಗಳ ಯಕೃತ್ತಿನಲ್ಲಿ ಕ್ಯಾನ್ಸರ್ ಕಾಣಿಸಿತು. ಹುದುಗುವಿಕೆಯನ್ನು ತಡೆದಾಗ ಇಲಿಗಳು ಬಚಾವಾದವು.

ಅವು ಜೀನ್ ದೋಷದ ಇಲಿಗಳು, ಎಲ್ಲ ಇಲಿಗಳಲ್ಲ ಎನ್ನಬಹುದು. ನಿಜ. ಪ್ರಮಾಣವೂ ನಮ್ಮ ಅಳತೆಯದಲ್ಲ: ದಿನಕ್ಕೆ ಅರ್ಧ ಕೆ.ಜಿ. ಒಣ ಆಹಾರ ತಿನ್ನುವವರಿಗೆ ಶೇ 7.5 ಎಂದರೆ 37 ಗ್ರಾಂಗೂ ಹೆಚ್ಚು. ಆದ್ದರಿಂದ ಈ ಪುಡಿ ಕ್ಯಾನ್ಸರ್ ತರುತ್ತದೆ ಎಂದು ಯಾರೂ ಹೆದರಬೇಕಿಲ್ಲ. ಆದರೆ ಅದೇ ನ್ಯಾಯದಲ್ಲಿ, ಇಲಿಯ ತೂಕ ಅಷ್ಟಾಗಿ ಏರದಿದ್ದುದನ್ನು ನಮ್ಮ ಹೊಟ್ಟೆಯ ಲೆಕ್ಕಕ್ಕೆ ಸೇರಿಸುವುದೂ ಸಲ್ಲ.

ಇನ್ನೊಂದು ಪ್ರಯೋಗ ಅಡುಗೆಮನೆಗೆ ಹತ್ತಿರವಾದದ್ದು. 2016ರಲ್ಲಿ ಪ್ರಕಟವಾದ ಅದರಲ್ಲಿ ಮನುಷ್ಯರ ಕರುಳಿನ 14 ಬಗೆಯ ಬ್ಯಾಕ್ಟೀರಿಯಾಗಳನ್ನು ಇಲಿಗಳಲ್ಲಿ ಬೆಳೆಸಿ ನೋಡಲಾಯಿತು. ಮೇವಿನಲ್ಲಿ ನಾರಿಲ್ಲದಾಗ ಆ ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಪದರವನ್ನೇ ಮೇಯತೊಡಗಿದವು. ಶುದ್ಧೀಕರಿಸಿದ ಪ್ರಿಬಯಾಟಿಕ್ ನಾರು ಕೊಟ್ಟರೂ ಆ ಸವೆತ ನಿಲ್ಲಲಿಲ್ಲ. ಸಸ್ಯದ ನಾರು ಸಮೃದ್ಧವಾಗಿದ್ದ ಮೇವಿನಲ್ಲಿ ಪದರ ದಪ್ಪಗೇ ಉಳಿಯಿತು.

ಹೀಗಿರುವಾಗ ರಾಗಿ, ಕಾಳು, ಸೊಪ್ಪಿನ ಜಾಗಕ್ಕೆ ಒಂದು ಚಮಚ ಪುಡಿ ತರುವುದು ದುಬಾರಿ ವ್ಯಾಪಾರ. ಯಕೃತ್ತು ಅಥವಾ ಪಿತ್ತನಾಳದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಡಬ್ಬಿ ತೆರೆಯಬಾರದು. ತಯಾರಕರೂ ಒಂದು ಕೆಲಸ ಮಾಡಲಿ: ಲಾಭ ಕಂಡದ್ದು ಮನುಷ್ಯರಲ್ಲೋ ಇಲಿಗಳಲ್ಲೋ, ಎಷ್ಟು ಗ್ರಾಂನಲ್ಲಿ ಎಂಬುದನ್ನು ಡಬ್ಬಿಯ ಮೇಲೆಯೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಲಿ.